ಅಯಸ್ಕಾಂತಕ್ಕೆ ಅಂಟುವ ಎಂಟಾಣೆ

ತಿಪಟೂರಿನಲ್ಲಿ ನಮ್ಮ ಸೋದರಮಾವನವರ ದಿನಸಿ ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ತಕ್ಕಡಿ, ಡಬ್ಬಗಳು, ಬೋರ್ಡು ಎಲ್ಲ ಯಾರ್ಯಾರ ಪಾಲಾದರೂ ಹಲಸಿನ ಮರದ ಗಲ್ಲಾಪೆಟ್ಟಿಗೆಯನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಗೆದ್ದಲು ಹಿಡಿದಿದೆಯೇನೋ ಎಂದು ಅದನ್ನು ಅಂಗಳಕ್ಕೆ ತಂದು ಬೋರಲು ಹಾಕಿದಾಗ ಹಳೆಯ ಚಿಲ್ಲರೆ ಝಣಝಣ ಸುರಿಯಿತು. ಎಂಟಾಣೆ, ನಾಲ್ಕಾಣೆ, ಹೂವಿನಂಚಿನ ಹತ್ತು ಪೈಸೆ, ಚೌಕದ ಐದು ಪೈಸೆ, ಜೊತೆಗೆ ಒಂದಷ್ಟು ದಪ್ಪ ರೂಪಾಯಿ ಬಿಲ್ಲೆಗಳು.

ಮಾವನವರ ಮೊಮ್ಮಗ ಮೊಬೈಲು ಹಿಡಿದುಕೊಂಡು ಓಡಿಬಂದ. "ತಾತ, ಇಂಥದ್ದೊಂದು ನಾಣ್ಯಕ್ಕೆ ಐದು ಲಕ್ಷ ಕೊಡುತ್ತಾರಂತೆ!" ಮಾವ ಅವನತ್ತ ತಿರುಗಲೂ ಇಲ್ಲ. ನನ್ನನ್ನು ಕೇಳಿದರು: "ನೀನು ಇದರಲ್ಲಿ ಪಳಗಿದವನಲ್ಲವೇನಪ್ಪಾ, ಗುಜರಿಯವನಿಗೆ ಹಾಕಿದರೆ ಕಿಲೋಗೆ ಎಷ್ಟು ಕೊಟ್ಟಾನು?"

ಒಂದೇ ರಾಶಿಗೆ ತಾತ ಗುಜರಿಯ ಬೆಲೆ ಕಟ್ಟಿದ್ದರು, ಮೊಮ್ಮಗ ಲಕ್ಷದ ಬೆಲೆ ಕಟ್ಟಿದ್ದ. ಇಬ್ಬರ ಲೆಕ್ಕವೂ ತಪ್ಪು. ಆದರೆ ಎರಡು ತಪ್ಪುಗಳೂ ಬೇರೆ ಬೇರೆ ಬಗೆಯವು. ಹಳೆಯ ನಿಕಲ್ ನಾಣ್ಯಕ್ಕೆ ಮೂರು ಬೆಲೆಗಳಿರುತ್ತವೆ. ಅದರ ಮೇಲೆ ಅಚ್ಚಾಗಿರುವ ಬೆಲೆ ಒಂದು, ಕರಗಿಸಿದರೆ ಸಿಗುವ ಲೋಹದ ಬೆಲೆ ಇನ್ನೊಂದು, ಸಂಗ್ರಾಹಕ ಕೊಡುವ ಬೆಲೆ ಮತ್ತೊಂದು. ಈ ಮೂರನ್ನು ಬೇರ್ಪಡಿಸಿ ನೋಡುವುದನ್ನು ಕಲಿತರೆ ಮೊಬೈಲಿನ ಐದು ಲಕ್ಷ ತಾನಾಗಿಯೇ ಕರಗುತ್ತದೆ.

ಅಂದು ನಾನು ಮೊದಲು ಮಾಡಿದ್ದು ಕೆಟ್ಟುಹೋದ ಒಂದು ಸ್ಪೀಕರನ್ನು ಬಿಚ್ಚಿ ಅದರ ಅಯಸ್ಕಾಂತವನ್ನು ತೆಗೆದುಕೊಂಡದ್ದು. 1968ರ ಎಂಟಾಣೆಯ ಬಳಿ ಹಿಡಿದೆ, ಟಕ್ಕೆಂದು ಹಾರಿ ಅಂಟಿಕೊಂಡಿತು. 1975ರ ಎಂಟಾಣೆಯ ಬಳಿ ಹಿಡಿದೆ, ಅಲುಗಲಿಲ್ಲ. ಎರಡೂ 24 ಮಿಲಿಮೀಟರ್ ಅಗಲ, ಎರಡೂ 5 ಗ್ರಾಂ ತೂಕ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಮೊಮ್ಮಗನಿಗೆ ಇದು ಜಾದೂ ಎನಿಸಿತು. ಐದು ಲಕ್ಷವನ್ನು ಮರೆತು ಅವನೇ ಅಯಸ್ಕಾಂತ ಕಸಿದುಕೊಂಡು ರಾಶಿಯನ್ನು ಎರಡು ಪಾಲು ಮಾಡಲು ಕುಳಿತ.

ಅಂಟಿದ್ದು ಶುದ್ಧ ನಿಕಲ್. ಅಂಟದೆ ಉಳಿದದ್ದು ಕ್ಯುಪ್ರೋನಿಕಲ್, ಅಂದರೆ ಮುಕ್ಕಾಲು ಪಾಲು ತಾಮ್ರ ಮತ್ತು ಕಾಲು ಪಾಲು ನಿಕಲ್ ಸೇರಿದ ಮಿಶ್ರಲೋಹ. ಕೋಣೆಯ ಬಿಸಿಯಲ್ಲಿ ಅಯಸ್ಕಾಂತಕ್ಕೆ ಬಲವಾಗಿ ಸೋಲುವ ಲೋಹಗಳು ಬೆರಳೆಣಿಕೆಯಷ್ಟು. ಕಬ್ಬಿಣ, ಕೋಬಾಲ್ಟ್ ಜೊತೆಗೆ ನಿಕಲ್ ಕೂಡ ಆ ಗುಂಪಿನದು. ನಿಕಲ್ ಪರಮಾಣುವಿನ ಒಳಗಿನ ಒಂದು ಕವಚದಲ್ಲಿ ಒಂದಿಷ್ಟು ಎಲೆಕ್ಟ್ರಾನುಗಳ ಜಾಗ ಖಾಲಿ ಇರುತ್ತದೆ, ಅದರ ಕಾಂತಗುಣಕ್ಕೆ ಮೂಲ ಆ ಖಾಲಿ ಜಾಗವೇ. ತಾಮ್ರವನ್ನು ಬೆರೆಸಿದಾಗ ತಾಮ್ರದ ಎಲೆಕ್ಟ್ರಾನುಗಳು ಬಂದು ಆ ಜಾಗವನ್ನು ತುಂಬುತ್ತವೆ. ಮುಕ್ಕಾಲು ಪಾಲು ತಾಮ್ರ ಸೇರುವ ಹೊತ್ತಿಗೆ ಕಾಂತಗುಣ ಪೂರ್ತಿ ಹೋಗಿರುತ್ತದೆ. ಶಾಲೆಯಲ್ಲಿ ಕಲಿತಂತೆ ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆದು ಇವೆರಡನ್ನು ಬೇರ್ಪಡಿಸಹೊರಟರೆ ಸೋಲು ಖಂಡಿತ. ನಿಕಲ್ ಮತ್ತು ತಾಮ್ರದ ಸಾಂದ್ರತೆ ಎರಡೂ 8.9ರ ಆಸುಪಾಸಿನಲ್ಲೇ ಇವೆ. ಇಲ್ಲಿ ಆರ್ಕಿಮಿಡೀಸನಿಗಿಂತ ಸ್ಪೀಕರಿನ ಅಯಸ್ಕಾಂತವೇ ವಾಸಿ.

ಒಂದು ಎಚ್ಚರಿಕೆ ಬೇಕು. ಘೇಂಡಾಮೃಗದ ಚಿತ್ರವಿರುವ 25 ಪೈಸೆಯಿಂದ ಹಿಡಿದು 1992ರ ನಂತರದ ಒಂದು ರೂಪಾಯಿಯವರೆಗೆ ಸ್ಟೇನ್‌ಲೆಸ್ ಸ್ಟೀಲಿನ ನಾಣ್ಯಗಳೂ ಅಯಸ್ಕಾಂತಕ್ಕೆ ಅಂಟುತ್ತವೆ. ಹೀಗಾಗಿ ಅಂಟಿತೋ ಇಲ್ಲವೋ ಎಂಬುದರ ಜೊತೆಗೆ ಇಸವಿಯನ್ನೂ ನೋಡಬೇಕು. ಸ್ಥೂಲವಾಗಿ ಹೇಳುವುದಾದರೆ, 1957ರಿಂದ ಬಂದ 25 ನಯಾ ಪೈಸೆ, 1960ರಿಂದ ಬಂದ 50 ನಯಾ ಪೈಸೆ, 1964ರಲ್ಲಿ ‘ನಯಾ’ ಪದ ಬಿದ್ದುಹೋದ ಮೇಲೆ ಅದೇ ದಶಕದಲ್ಲಿ ಬಂದ ಅವುಗಳ ತಮ್ಮಂದಿರು, 1962 ಮತ್ತು 1970ರ ಒಂದು ರೂಪಾಯಿ, ಇವು ಶುದ್ಧ ನಿಕಲ್. 1972ರ ಹೊತ್ತಿಗೆ ಎಂಟಾಣೆ ಕ್ಯುಪ್ರೋನಿಕಲ್ಲಿಗೆ ತಿರುಗಿತ್ತು, 1975ರ ರೂಪಾಯಿಯೂ ಕ್ಯುಪ್ರೋನಿಕಲ್. ಹತ್ತು, ಐದು, ಎರಡು ಪೈಸೆಗಳ ಹಳೆಯ ಬಿಳಿ ಬಿಲ್ಲೆಗಳು ಮೊದಲಿನಿಂದಲೂ ಕ್ಯುಪ್ರೋನಿಕಲ್ಲೇ. ಆಮೇಲೆ ಅವು ಅಲ್ಯೂಮಿನಿಯಮ್ಮಿಗೆ ಇಳಿದವು. ಅಂದಹಾಗೆ, ಕಾನೂನಿನ ಪ್ರಕಾರ ಆಣೆ 1957ರಲ್ಲೇ ಸತ್ತಿತು. ಆದರೂ ನಮ್ಮ ಸಂತೆಗಳಲ್ಲಿ 25 ಪೈಸೆಗೆ ನಾಲ್ಕಾಣೆ ಎಂದೂ 50 ಪೈಸೆಗೆ ಎಂಟಾಣೆ ಎಂದೂ ಆ ನಾಣ್ಯಗಳು ಕಣ್ಮರೆಯಾಗುವವರೆಗೂ ಕರೆದರು. ನಾನೂ ಹಾಗೆಯೇ ಬರೆಯುತ್ತೇನೆ.

ಬೆಳ್ಳಿಯ ದೇಶವೊಂದು ನಿಕಲ್ಲಿಗೆ ಬಂದದ್ದು ಹೇಗೆ ಎಂಬುದೇ ಈ ಕತೆಯ ಸಾರವತ್ತಾದ ಭಾಗ.

ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ಅಂದರೆ ಒಂದು ತೊಲೆ. ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ನಾಣ್ಯದ ಬೆಲೆಯೂ ಅದರೊಳಗಿನ ಲೋಹದ ಬೆಲೆಯೂ ಒಂದಕ್ಕೊಂದು ಹತ್ತಿರವಿದ್ದಷ್ಟು ದಿನ ಯಾರಿಗೂ ಚಿಂತೆಯಿಲ್ಲ. ಲೋಹದ ಬೆಲೆ ಏರಿತೆಂದರೆ ಜನ ನಾಣ್ಯವನ್ನು ಪೆಟ್ಟಿಗೆಯಲ್ಲಿಡುತ್ತಾರೆ ಅಥವಾ ಅಕ್ಕಸಾಲಿಗನ ಮೂಸೆಗೆ ಹಾಕುತ್ತಾರೆ. ಮೊದಲ ಮಹಾಯುದ್ಧದಲ್ಲಿ ಹೀಗಾಯಿತು. ಬೆಳ್ಳಿಗೆ ಅಭಾವ ಬಂದಾಗ ಸರ್ಕಾರ 1918ರಲ್ಲಿ ಕ್ಯುಪ್ರೋನಿಕಲ್ಲಿನ ಚೌಕದ ಎರಡಾಣೆಯನ್ನೂ 1919ರಲ್ಲಿ ಅದೇ ಲೋಹದ ನಾಲ್ಕಾಣೆ, ಎಂಟಾಣೆಗಳನ್ನೂ ಹೊರತಂದಿತು. ಒಂದಾಣೆ ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಬೆಳ್ಳನೆಯ ಕ್ಯುಪ್ರೋನಿಕಲ್ಲಾಗಿ ಬಂದು ಜನರಿಗೆ ಒಗ್ಗಿತ್ತು. ಕಲಬುರಗಿ, ರಾಯಚೂರು, ಬೀದರ್ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಇವುಗಳ ಜೊತೆಗೆ ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದ ಕ್ಯುಪ್ರೋನಿಕಲ್ ಒಂದಾಣೆಗಳೂ ಸಿಗುವುದುಂಟು.

ಈ ನಾಣ್ಯಗಳಲ್ಲಿ ಎಂಟಾಣೆ ಮಾತ್ರ ಎಡವಿತು. ಅರ್ಧ ರೂಪಾಯಿ ಆಗಿನ ಕಾಲಕ್ಕೆ ದೊಡ್ಡ ಮೊತ್ತ, ಒಳಗಿನ ಲೋಹವೋ ಅಗ್ಗ. ಖೋಟಾ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಎಲ್ಲಿ ಸಿಕ್ಕೀತು? ನಕಲಿಗಳು ಹೆಚ್ಚಿದ್ದರಿಂದ ಸರ್ಕಾರ ಕೆಲವೇ ವರ್ಷಗಳಲ್ಲಿ ಆ ಎಂಟಾಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಚೌಕದ ಎರಡಾಣೆ ಇಂದಿಗೂ ಕೈಗೆ ಸಿಗುತ್ತದೆ, ಅದೇ ಸರಣಿಯ ಎಂಟಾಣೆಗೆ ಹುಡುಕಾಡಬೇಕು. ಕಾರಣ ಇಷ್ಟೇ: ಒಂದು ಊರಲ್ಲೆಲ್ಲ ತಿರುಗಾಡಿ ಸವೆಯಿತು, ಇನ್ನೊಂದು ಟಂಕಸಾಲೆಗೆ ಮರಳಿ ಕರಗಿತು. ಲೋಹ ಅದೇ, ರಾಜನೂ ಅವನೇ.

ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬಿಕ್ಕಟ್ಟು ಇನ್ನೂ ಜೋರಾಯಿತು. ಜನ ನೋಟು ಬಿಟ್ಟು ಬೆಳ್ಳಿ ರೂಪಾಯಿ ಕೂಡಿಡಲು ಶುರುಮಾಡಿದರು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ತಾಮ್ರ, ನಿಕಲ್, ಸತುವನ್ನು ಬೆರೆಸಿದರು. ಅದೂ ಸಾಲದೆ ಭಾರತ ಸರ್ಕಾರ ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿಯನ್ನು ಸಾಲವಾಗಿ ತಂದಿತು. ಹಣವಾಗಿ ಅಲ್ಲ, ಬೆಳ್ಳಿಯಾಗಿಯೇ ತೀರಿಸಬೇಕಾದ ಸಾಲ ಅದು. ಯುದ್ಧ ಮುಗಿಯುತ್ತಿದ್ದಂತೆ ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಎಳೆದುಕೊಂಡು, ಅವುಗಳ ಜಾಗಕ್ಕೆ ಬೇರೊಂದು ಲೋಹವನ್ನು ತರುವುದು ಅನಿವಾರ್ಯವಾಯಿತು. 1946ರಲ್ಲಿ ಶುದ್ಧ ನಿಕಲ್ಲಿನ ಅರ್ಧ ಮತ್ತು ಕಾಲು ರೂಪಾಯಿಗಳು ಬಂದವು, 1947ರಲ್ಲಿ ಪೂರ್ಣ ರೂಪಾಯಿ. ಒಂದು ಬದಿಗೆ ಆರನೇ ಜಾರ್ಜ್, ಇನ್ನೊಂದು ಬದಿಗೆ ಹೆಜ್ಜೆಯಿಡುತ್ತಿರುವ ಹುಲಿ. ದೇಶ ಸ್ವತಂತ್ರವಾಗುವ ವರ್ಷದ ರೂಪಾಯಿಯಲ್ಲಿ ಗುಲಗಂಜಿ ತೂಕದ ಬೆಳ್ಳಿಯೂ ಇರಲಿಲ್ಲ. 1950ರಲ್ಲಿ ರಾಜನ ತಲೆ ಹೋಗಿ ಅಶೋಕನ ಸಿಂಹಗಳು ಬಂದವು, ನಿಕಲ್ ಹಾಗೆಯೇ ಉಳಿಯಿತು.

ಅಗ್ಗದ ಲೋಹಗಳು ಬೇಕಾದಷ್ಟಿದ್ದವಲ್ಲ, ನಿಕಲ್ಲೇ ಏಕೆ? ಉತ್ತರ ಕುಲುಮೆಯಲ್ಲಿದೆ. ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ತಾಮ್ರ 1085ಕ್ಕೆ. ಅಕ್ಕಸಾಲಿಗರ ಇದ್ದಲ ಒಲೆ, ಒಂದು ಊದುಗೊಳವೆ ಇದ್ದರೆ ಇವೆರಡನ್ನೂ ಹದಕ್ಕೆ ತರಬಹುದು. ನಿಕಲ್ ಕರಗಲು 1455 ಡಿಗ್ರಿ ಬೇಕು. ಹಿತ್ತಲಿನ ಒಲೆ ಆ ಬಿಸಿ ಮುಟ್ಟುವುದು ಬಲು ಕಷ್ಟ. ಕರಗಿಸಿದರೂ ಕೆಲಸ ಮುಗಿಯುವುದಿಲ್ಲ. ನಿಕಲ್ ಗಡಸು ಲೋಹ, ಅದರ ಮೇಲೆ ಅಚ್ಚು ಮೂಡಿಸಲು ಭಾರಿ ಒತ್ತಡದ ಯಂತ್ರ ಬೇಕು. ಟಂಕಸಾಲೆಯ ಉಕ್ಕಿನ ಅಚ್ಚುಗಳೇ ಅದಕ್ಕೆ ಬೇಗ ಸವೆಯುತ್ತಿದ್ದವು ಎಂದ ಮೇಲೆ ಹಿತ್ತಲಿನವನ ಪಾಡೇನು? ಇಷ್ಟೆಲ್ಲ ದಾಟಿ ಯಾರಾದರೂ ಬೇರೆ ಲೋಹದಲ್ಲಿ ನಕಲಿ ಮಾಡಿದರೆ ಒಂದು ಅಯಸ್ಕಾಂತದ ತುಂಡು ಅದನ್ನು ಬಯಲು ಮಾಡುತ್ತದೆ. 1919ರ ಎಂಟಾಣೆಗೆ ಈ ರಕ್ಷಣೆ ಇರಲಿಲ್ಲ. ಕಾಲು ಪಾಲು ನಿಕಲ್ ಇದ್ದರೂ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ.

ನಿಕಲ್ ನಾಣ್ಯ ನಮ್ಮ ಆವಿಷ್ಕಾರವಲ್ಲ. ಪೂರ್ಣ ನಿಕಲ್ಲಿನ ಮೊದಲ ನಾಣ್ಯವನ್ನು 1881ರಲ್ಲಿ ಸ್ವಿಟ್ಜರ್ಲೆಂಡ್ ಹೊರತಂದಿತು. ಆದರೆ ತಾಮ್ರ-ನಿಕಲ್ ಬೆರಕೆಯ ನಾಣ್ಯವನ್ನು ಹುಡುಕುತ್ತ ಹೊರಟರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಬಾಕ್ಟ್ರಿಯಾಕ್ಕೆ, ಈಗಿನ ಅಫ್ಘಾನಿಸ್ತಾನದ ಕಡೆಗೆ ಹೋಗಬೇಕಾಗುತ್ತದೆ. ಪ್ಯಾಂಟಲಿಯಾನ್, ಅಗಾಥೊಕ್ಲಿಸ್ ಎಂಬ ಗ್ರೀಕ್ ಅರಸರು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲೇ ಕ್ಯುಪ್ರೋನಿಕಲ್ ನಾಣ್ಯ ಹೊಡೆಸಿದ್ದರು. ನಿಕಲ್ ಎಂಬುದು ಪ್ರತ್ಯೇಕ ಲೋಹ ಎಂದು ಜಗತ್ತಿಗೆ ತಿಳಿದದ್ದು ಮಾತ್ರ 1751ರಲ್ಲಿ, ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅದನ್ನು ಬೇರ್ಪಡಿಸಿದಾಗ. ಹೆಸರು ಗೊತ್ತಿಲ್ಲದ ಲೋಹವನ್ನು ಜನ ಅಷ್ಟು ಶತಮಾನ ಮೊದಲೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು ಎಂಬುದು ನನಗೆ ಈಗಲೂ ಮೋಜೆನಿಸುತ್ತದೆ.

ಹೆಸರಿನ ಮಾತು ಬಂತೆಂದು ಅಮೆರಿಕದ ಐದು ಸೆಂಟಿನ ಬಗ್ಗೆ ಎರಡು ಮಾತು. ಅಲ್ಲಿ ಅದನ್ನು ‘ನಿಕಲ್’ ಎಂದೇ ಕರೆಯುತ್ತಾರೆ. 5 ಗ್ರಾಂ ತೂಕದ ಆ ನಾಣ್ಯದಲ್ಲಿ ನಿಕಲ್ ಇರುವುದು ಕಾಲು ಪಾಲು, ಉಳಿದದ್ದು ತಾಮ್ರ. 1942ರ ಅಕ್ಟೋಬರಿನಿಂದ 1945ರವರೆಗೆ ಯುದ್ಧ ಸಾಮಗ್ರಿಗೆ ನಿಕಲ್ ಬೇಕಾಗಿ ಆ ಕಾಲು ಪಾಲನ್ನೂ ತೆಗೆದು, 35 ಪಾಲು ಬೆಳ್ಳಿ, 56 ಪಾಲು ತಾಮ್ರ, 9 ಪಾಲು ಮ್ಯಾಂಗನೀಸ್ ಬೆರೆಸಿದರು. ಹೆಸರು ನಿಕಲ್, ಒಳಗೆ ಒಂದು ಚೂರೂ ನಿಕಲ್ ಇಲ್ಲ. ಅದನ್ನು ಗುರುತಿಸಲೆಂದೇ ಹಿಂಬದಿಯ ಗುಮ್ಮಟದ ಮೇಲೆ ಟಂಕಸಾಲೆಯ ಅಕ್ಷರವನ್ನು ದೊಡ್ಡದಾಗಿ ಹಾಕಿದರು. ಅಲ್ಲಿ ನೆಲೆಸಿರುವ ನಮ್ಮವರಿಗೆ ಚಿಲ್ಲರೆಯಲ್ಲಿ ಅಂಥದ್ದು ಸಿಕ್ಕರೆ ಅದರಲ್ಲಿ ಸುಮಾರು 1.75 ಗ್ರಾಂ ಬೆಳ್ಳಿ ಇದೆ ಎಂದು ಲೆಕ್ಕ. ಪಕ್ಕದ ಕೆನಡಾದ ಕತೆ ಇದಕ್ಕೆ ತದ್ವಿರುದ್ಧ. ನಿಕಲ್ ಗಣಿಗಳ ಆ ದೇಶದ ಐದು ಸೆಂಟು 1922ರಿಂದ 1981ರವರೆಗೆ, ಯುದ್ಧದಂಥ ಕೆಲವು ವರ್ಷಗಳನ್ನು ಬಿಟ್ಟರೆ, ನಿಜವಾಗಿಯೂ ನಿಕಲ್. ಅಯಸ್ಕಾಂತಕ್ಕೆ ಅಂಟುತ್ತದೆ.

ಇನ್ನು ಮಾವನವರ ಪ್ರಶ್ನೆಗೆ ಬರೋಣ. ಕಿಲೋಗೆ ಎಷ್ಟು?

ಮೊಮ್ಮಗ ಅಂಟಿದ್ದನ್ನೆಲ್ಲ ಒಂದೆಡೆ ಸೇರಿಸಿದ. ಅದರಿಂದ ಸ್ಟೀಲಿನವನ್ನು ಆರಿಸಿ ತೆಗೆದ ಮೇಲೆ 9 ರೂಪಾಯಿ ಬಿಲ್ಲೆ, 64 ಎಂಟಾಣೆ, 110 ನಾಲ್ಕಾಣೆ ಉಳಿದವು. ಮುಖಬೆಲೆ 68 ರೂಪಾಯಿ 50 ಪೈಸೆ. ಅಡುಗೆಮನೆಯ ತಕ್ಕಡಿಗೆ ಹಾಕಿದರೆ 680 ಗ್ರಾಮಿನ ಹತ್ತಿರ ತೋರಿಸಿತು. ಇದರಲ್ಲಿ ಒಂದು ಜಾಣತನ ಅಡಗಿದೆ, ಅದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ. 1962ರ ನಿಕಲ್ ರೂಪಾಯಿ 10 ಗ್ರಾಂ, ಎಂಟಾಣೆ 5 ಗ್ರಾಂ, ನಾಲ್ಕಾಣೆ ಎರಡೂವರೆ ಗ್ರಾಂ. ಬೆಲೆ ಅರ್ಧವಾದರೆ ತೂಕವೂ ಸರಿಯಾಗಿ ಅರ್ಧ. ಹೀಗಾಗಿ ಈ ಮೂರನ್ನು ಹೇಗೆ ಬೆರೆಸಿ ತಕ್ಕಡಿಗೆ ಹಾಕಿದರೂ ಒಂದು ಕಿಲೋ ಎಂದರೆ ನೂರು ರೂಪಾಯಿ. ಎಣಿಸುವ ಕೆಲಸವೇ ಇಲ್ಲ. ನಮ್ಮ 68 ರೂಪಾಯಿ 50 ಪೈಸೆ ಹೊಸದಾಗಿದ್ದಾಗ 685 ಗ್ರಾಂ ತೂಗಿರಬೇಕು. ಕೊರತೆ ಬಿದ್ದ ಆ ನಾಲ್ಕೈದು ಗ್ರಾಂ ಎಷ್ಟೋ ಜನರ ಬೆರಳು, ಜೇಬು, ಸೆರಗಿನ ಗಂಟುಗಳಿಗೆ ಹೋಗಿದೆ, ಅಥವಾ ಅಡುಗೆಮನೆಯ ತಕ್ಕಡಿ ಸುಳ್ಳು ಹೇಳುತ್ತಿದೆ.

ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ಲಿನ ಬೆಲೆ ಟನ್ನಿಗೆ 15,000 ಡಾಲರ್ ಎಂದೂ ಡಾಲರಿಗೆ 85 ರೂಪಾಯಿ ಎಂದೂ ಹಿಡಿಯೋಣ. ಒಂದು ಕಿಲೋಗೆ 1,275 ರೂಪಾಯಿ. ಅಂದರೆ ಹಳೆಯ ರೂಪಾಯಿಯಲ್ಲಿ 12 ರೂಪಾಯಿ 75 ಪೈಸೆಯ ಲೋಹ, ಎಂಟಾಣೆಯಲ್ಲಿ ಆರು ರೂಪಾಯಿಗಿಂತ ಸ್ವಲ್ಪ ಹೆಚ್ಚು, ನಾಲ್ಕಾಣೆಯಲ್ಲಿ ಮೂರು ರೂಪಾಯಿ ಚಿಲ್ಲರೆ. ಮಾವನವರ ಇಡೀ ರಾಶಿಗೆ ಸುಮಾರು 870 ರೂಪಾಯಿ. ಹನ್ನೆರಡು ಪಟ್ಟು ಎಂದು ಕೇಳಿದಾಗ ಬಾಯಲ್ಲಿ ನೀರೂರುತ್ತದೆ, ಆದರೆ ಒಂದು ರೂಪಾಯಿಯ ಹನ್ನೆರಡು ಪಟ್ಟು ಎಂದರೆ ಒಂದು ಲೋಟ ಕಾಫಿ. ಅದೂ ಸಂಸ್ಕರಿಸಿದ ಶುದ್ಧ ಲೋಹಕ್ಕೆ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನುಗಟ್ಟಲೆ ವ್ಯಾಪಾರದಲ್ಲಿ ಸಿಗುವ ಬೆಲೆ. ಗುಜರಿಯವನು ಅರ್ಧ ಕೊಟ್ಟರೂ ಹೆಚ್ಚೇ.

ಬೆಲೆ ಏರುವುದಿಲ್ಲವೇ ಎಂದು ಕೇಳಬಹುದು. ಏರುತ್ತದೆ. 2022ರ ಮಾರ್ಚ್ 8ರಂದು ನಿಕಲ್ ಸ್ವಲ್ಪ ಹೊತ್ತಿನ ಮಟ್ಟಿಗೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿತು. ಆ ಕ್ಷಣಕ್ಕೆ ನಮ್ಮ ಹಳೆಯ ರೂಪಾಯಿಯೊಳಗಿನ ಲೋಹ ಅಂದಿನ ಡಾಲರ್ ದರದಲ್ಲಿ ಎಪ್ಪತ್ತೈದು ರೂಪಾಯಿಗೂ ಹೆಚ್ಚು ಬಾಳುತ್ತಿತ್ತು. ಆಮೇಲೆ ವಿನಿಮಯ ಕೇಂದ್ರ ವಹಿವಾಟನ್ನೇ ನಿಲ್ಲಿಸಿ, ಆ ದಿನದ ವ್ಯಾಪಾರವನ್ನು ರದ್ದುಮಾಡಿತು. ಪಣ ಕಟ್ಟಿದ ದೊಡ್ಡ ಕುಳಗಳೇ ತಲೆಯ ಮೇಲೆ ಕೈಹೊತ್ತ ಮಾರುಕಟ್ಟೆಯಲ್ಲಿ ಗಲ್ಲಾಪೆಟ್ಟಿಗೆಯ ಎಂಟಾಣೆ ಇಟ್ಟುಕೊಂಡು ಸಿರಿವಂತನಾಗಲು ಹೊರಟರೆ ಅದನ್ನು ಹೂಡಿಕೆ ಎಂದು ನಾನಂತೂ ಕರೆಯಲಾರೆ.

ಕಾನೂನಿನ ತೊಡಕು ಬೇರೆ ಇದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಚಲಾವಣೆಯ ಮಾನ್ಯತೆ ಇರುವ ನಾಣ್ಯವನ್ನು ಕರಗಿಸುವುದು, ಹಾಳುಮಾಡುವುದು ಅಪರಾಧ. ಏಳು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಮಾನ್ಯತೆ ಕಳೆದುಕೊಂಡವು. ಎಂಟಾಣೆ ಮಾತ್ರ ಅಂಗಡಿಯವರೆಲ್ಲ ಮುಖ ತಿರುಗಿಸಿದರೂ ಕಾನೂನಿನ ಕಣ್ಣಿನಲ್ಲಿ ಇನ್ನೂ ದುಡ್ಡೇ. ಈ ಬಿಗಿ ಸುಮ್ಮನೆ ಬಂದದ್ದಲ್ಲ. 2007ರ ಸುಮಾರಿಗೆ ನಮ್ಮ ಸ್ಟೀಲು ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಕ್ಷೌರದ ಬ್ಲೇಡುಗಳಾಗುತ್ತಿವೆ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ರೂಪಾಯಿಯೊಳಗಿನ ಲೋಹಕ್ಕೆ ರೂಪಾಯಿಗಿಂತ ಹೆಚ್ಚು ಬೆಲೆ ಬಂದರೆ ಆಗುವುದೇ ಇದು.

ಸರ್ಕಾರಕ್ಕೂ ಈ ಲೆಕ್ಕ ತಿಳಿದಿದೆ. ನಮ್ಮ ರೂಪಾಯಿಯ ತೂಕ ಇಳಿದು ಬಂದ ದಾರಿಯನ್ನೇ ನೋಡಿ. ಬೆಳ್ಳಿಯಲ್ಲಿ 11.66 ಗ್ರಾಂ, 1962ರ ನಿಕಲ್ಲಿನಲ್ಲಿ 10 ಗ್ರಾಂ, ಕ್ಯುಪ್ರೋನಿಕಲ್ಲಿನಲ್ಲಿ ಮೊದಲು 8 ಗ್ರಾಂ ಆಮೇಲೆ 6 ಗ್ರಾಂ, 1992ರಿಂದ ಸ್ಟೀಲಿನಲ್ಲಿ 4.85 ಗ್ರಾಂ, 2011ರಿಂದ 3.79 ಗ್ರಾಂ. ಬೆಲೆಯೇರಿಕೆಯ ಚರಿತ್ರೆಯನ್ನು ಅಂಕಿಅಂಶಗಳ ಪುಸ್ತಕದಲ್ಲಿ ಓದುವ ಬದಲು ಈ ಆರು ಬಿಲ್ಲೆಗಳನ್ನು ಸಾಲಾಗಿ ಅಂಗೈಮೇಲೆ ಇಟ್ಟುಕೊಂಡರೂ ಆಗುತ್ತದೆ. ಮಕ್ಕಳಿಗೆ ನಾಣ್ಯ ಕೂಡಿಡುವ ಹವ್ಯಾಸ ಹಚ್ಚಬೇಕೆನ್ನುವವರಿಗೆ ನಾನು ಹೇಳುವ ಮೊದಲ ಸಂಗ್ರಹ ಇದೇ. ಬೆಳ್ಳಿಯದೊಂದನ್ನು ಬಿಟ್ಟರೆ ಮಿಕ್ಕದ್ದಕ್ಕೆ ಹೆಚ್ಚು ಖರ್ಚಿಲ್ಲ.

ಮೂರನೆಯ ಬೆಲೆ ಸಂಗ್ರಾಹಕನದು. ಐದು ಲಕ್ಷದ ಮಾತು ಹುಟ್ಟುವುದೂ ಇಲ್ಲೇ.

ಹಳೆಯದೆಲ್ಲ ಅಪರೂಪವಲ್ಲ. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ನೆಹರೂ ತೀರಿಕೊಂಡಾಗ 1964ರಲ್ಲಿ ಅವರ ಮುಖವಿರುವ ಎಂಟಾಣೆ ಮತ್ತು ರೂಪಾಯಿ, ಗಾಂಧಿ ಶತಮಾನೋತ್ಸವಕ್ಕೆ 1969ರಲ್ಲಿ ಅದೇ ಬಗೆಯವು ನಿಕಲ್ಲಿನಲ್ಲಿ ಬಂದವು. ‘ಗಾಂಧಿ ರೂಪಾಯಿ’ ತಮ್ಮ ಮನೆಯಲ್ಲಿದೆ ಎಂದು ಪಿಸುದನಿಯಲ್ಲಿ ಹೇಳಿಕೊಂಡು ನನ್ನ ಬಳಿ ಬಂದವರಿಗೆ ಲೆಕ್ಕವಿಲ್ಲ. ತೊಡಕಿರುವುದೇ ಅಲ್ಲಿ. ಅದು ಎಲ್ಲರ ಮನೆಯಲ್ಲೂ ಇದೆ. ವಿಶೇಷ ನಾಣ್ಯ ಎಂದು ಗೊತ್ತಾದ ಕೂಡಲೇ ಜನ ತೆಗೆದಿಟ್ಟರು, ತೆಗೆದಿಟ್ಟದ್ದರಿಂದ ಉಳಿಯಿತು, ಉಳಿದದ್ದರಿಂದ ಅಗ್ಗವಾಯಿತು. ಯಾರೂ ಕಣ್ಣೆತ್ತಿ ನೋಡದೆ ಖರ್ಚು ಮಾಡಿದ ಸಾದಾ ನಾಲ್ಕಾಣೆಯ ಯಾವುದೋ ಒಂದು ಇಸವಿ, ಯಾವುದೋ ಒಂದು ಟಂಕಸಾಲೆಯದು, ಅದಕ್ಕಿಂತ ವಿರಳವಾಗಿರಬಹುದು.

ಟಂಕಸಾಲೆಗೆ ಹಳೆಯ ಕನ್ನಡದಲ್ಲಿ ಕಮ್ಮಟ ಎಂಬ ಚೆಂದದ ಪದವಿದೆ. ನಿಕಲ್ ನಾಣ್ಯ ಯಾವ ಕಮ್ಮಟದ್ದು ಎಂದು ತಿಳಿಯಲು ಇಸವಿಯ ಕೆಳಗೆ ನೋಡಬೇಕು. ಸಣ್ಣ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಯ್ಡಾದ ಚುಕ್ಕೆ ಬಂದದ್ದು ನಿಕಲ್ಲಿನ ಕಾಲ ಮುಗಿದ ಮೇಲೆ. ಸಂಗ್ರಾಹಕರು ಭೂತಗನ್ನಡಿ ಹಿಡಿದು ಇಸವಿ-ಗುರುತುಗಳ ಜೋಡಿ ಹುಡುಕುವುದು ಇದಕ್ಕೇ. ಒಂದೇ ವರ್ಷದ ಎಂಟಾಣೆ ಒಂದು ಕಮ್ಮಟದಲ್ಲಿ ಕೋಟಿಗಟ್ಟಲೆ ಅಚ್ಚಾಗಿ ಇನ್ನೊಂದರಲ್ಲಿ ತೀರ ಕಡಿಮೆ ಅಚ್ಚಾಗಿದ್ದರೆ ಎರಡಕ್ಕೂ ಆನೆ-ಆಡಿನ ಅಂತರ. 1964ರ ನೆಹರೂ ಎಂಟಾಣೆಯಲ್ಲೂ ಹಿಂದಿ ಬರಹದ್ದು, ಇಂಗ್ಲಿಷ್ ಬರಹದ್ದು ಎಂದು ಎರಡು ಬಗೆಗಳಿವೆ, ಒಂದನ್ನು ಕೈಯಲ್ಲಿಟ್ಟುಕೊಂಡವರು ಇನ್ನೊಂದಕ್ಕೆ ಹುಡುಕುತ್ತಾರೆ.

ಎಷ್ಟು ಅಚ್ಚಾದವು ಎಂಬುದಕ್ಕಿಂತ ಎಷ್ಟು ಉಳಿದವು ಎಂಬುದು ಮುಖ್ಯ. ಬೆಳ್ಳಿಯ ಕಾಲದ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಪದಕದಲ್ಲಿದ್ದ ಆನೆ, ಸೊಂಡಿಲು ಮೊಂಡಾಗಿ, ಹಂದಿಯಂತೆ ಕಂಡಿತು. ಧರ್ಮಕ್ಕೆ ಅಪಚಾರವೆಂದು ಗದ್ದಲವೆದ್ದಾಗ ಸರ್ಕಾರ ಬಿಡುಗಡೆಯನ್ನು ನಿಲ್ಲಿಸಿ, ತನ್ನ ಬಳಿ ಉಳಿದಿದ್ದವನ್ನೆಲ್ಲ ಕರಗಿಸಿತು. ಅಚ್ಚಾದದ್ದು 90 ಲಕ್ಷಕ್ಕೂ ಹೆಚ್ಚು, ಜನರ ಕೈ ಸೇರಿದ್ದು ಸುಮಾರು 7 ಲಕ್ಷ. ಮುಂದಿನ ವರ್ಷ ಆನೆಯ ಸೊಂಡಿಲು ಸರಿಹೋಯಿತು. 1912ರ ರೂಪಾಯಿಯಲ್ಲೂ 1911ರದ್ದರಲ್ಲೂ ಇರುವ ಬೆಳ್ಳಿ ಒಂದೇ, ಸಂಗ್ರಾಹಕ ಕೊಡುವ ಬೆಲೆ ಒಂದೇ ಅಲ್ಲ.

ನಿಕಲ್ ನಾಣ್ಯಕ್ಕೆ ಇನ್ನೊಂದು ಸ್ವಭಾವವಿದೆ. ಅದು ಗಡಸಾಗಿರುವುದರಿಂದ ಬೇಗ ಸವೆಯುವುದಿಲ್ಲ. ಹತ್ತು ವರ್ಷ ಚಲಾವಣೆಯಲ್ಲಿದ್ದ ಬೆಳ್ಳಿ ರೂಪಾಯಿಯಲ್ಲಿ ರಾಜನ ಕಿರೀಟ ಮಾಸುತ್ತದೆ. ಅಷ್ಟೇ ತಿರುಗಿದ ನಿಕಲ್ಲಿನಲ್ಲಿ ಸಿಂಹದ ಕೇಸರ ಇನ್ನೂ ಸ್ಪಷ್ಟವಾಗಿರುತ್ತದೆ. ಹೀಗಾಗಿ ‘ಹೊಚ್ಚ ಹೊಸದರಂತಿದೆ’ ಎಂದರೆ ಬೆಳ್ಳಿಯ ಮಾರುಕಟ್ಟೆಯಲ್ಲಿ ಕಿವಿ ನೆಟ್ಟಗಾಗುತ್ತವೆ, ನಿಕಲ್ಲಿನಲ್ಲಿ ಅಷ್ಟಾಗಿ ಆಗುವುದಿಲ್ಲ. ಇಲ್ಲಿ ಹೆಚ್ಚು ಹಣ ಸಿಗುವುದು ಒಮ್ಮೆಯೂ ಚಲಾವಣೆಗೆ ಹೋಗದ, ಟಂಕಸಾಲೆಯ ಮೂಲ ಹೊಳಪು ಉಳಿಸಿಕೊಂಡ ಬಿಲ್ಲೆಗೆ. ಆ ಹೊಳಪನ್ನು ನಾವು ತರಲು ಆಗುವುದಿಲ್ಲ. ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ ಯಾವುದರಿಂದ ತಿಕ್ಕಿದರೂ ಬರುವುದು ಬೇರೆಯೇ ಹೊಳಪು, ಅದನ್ನು ಪಳಗಿದ ಕಣ್ಣು ಮಾರುದೂರದಿಂದ ಹಿಡಿಯುತ್ತದೆ. ನಾನು ಈ ಹವ್ಯಾಸಕ್ಕೆ ಬಿದ್ದ ಹೊಸದರಲ್ಲಿ 1950ರ ಒಂದು ಕಾಲು ರೂಪಾಯಿಯನ್ನು ನಿಂಬೆಹಣ್ಣಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಗ್ಗೆ ಎದ್ದು ಅತ್ತಿದ್ದೇನೆ. ಅದರ ಮೈಯೆಲ್ಲ ಮಂಕು ಬೂದುಬಣ್ಣಕ್ಕೆ ತಿರುಗಿತ್ತು. ಬರಿಯ ನೀರಿನಲ್ಲಿ ಅದ್ದಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಕಾಗದದ ಪೊಟ್ಟಣದಲ್ಲಿಡಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಬೇಡ. ವರ್ಷಗಳುರುಳಿದಂತೆ ಅವು ಬೆವರಿ, ಕ್ಯುಪ್ರೋನಿಕಲ್ಲಿನ ಮೇಲೆ ಹಸಿರು ಲೋಳೆ ಬಿಡುತ್ತವೆ.

ಇಷ್ಟು ತಿಳಿದ ಮೇಲೆ ಮೊಬೈಲಿನ ಐದು ಲಕ್ಷವನ್ನು ನೋಡಿ. ಅಲ್ಲಿ ತೋರಿಸುವ ನಾಣ್ಯ ಹೆಚ್ಚಾಗಿ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಯೋ ಗಾಂಧಿಯ ಎಂಟಾಣೆಯೋ ಆಗಿರುತ್ತದೆ. ಎರಡೂ ಸಲೀಸಾಗಿ ಸಿಗುವಂಥವು. ಕರೆ ಮಾಡಿದರೆ ನಿಮ್ಮ ನಾಣ್ಯವನ್ನು ಯಾರೂ ನೋಡುವುದಿಲ್ಲ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ನಿಮ್ಮಿಂದಲೇ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿಕೊಂಡು ಹೀಗೆ ವಂಚಿಸುತ್ತಿದ್ದಾರೆ ಎಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿ ಎಚ್ಚರಿಸಿತ್ತು. ನಾಣ್ಯ ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳುವುದಲ್ಲ ಎಂಬಷ್ಟನ್ನು ಮನೆಯ ಹಿರಿಯರಿಗೆ ಹೇಳಿಟ್ಟರೆ ಸಾಕು.

ಮಾವನವರಿಗೆ ಎಲ್ಲವನ್ನೂ ಲೆಕ್ಕ ಹಾಕಿ ಹೇಳಿದೆ. ಮುಖಬೆಲೆ 68 ರೂಪಾಯಿ 50 ಪೈಸೆ, ಲೋಹ 870, ಅದನ್ನು ಕರಗಿಸುವಂತಿಲ್ಲ. ನಕ್ಷತ್ರದ ಗುರುತಿನ ನಾಲ್ಕೈದು ಬಿಲ್ಲೆಗಳನ್ನು ಪಟ್ಟಿಗಳ ಜೊತೆ ಹೋಲಿಸಿ ನೋಡಬೇಕು, ಮಿಕ್ಕವನ್ನು ವ್ಯಾಪಾರಿಗಳು ಡಬ್ಬಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಮಾವ ತಲೆದೂಗಿದರು. ಅವರಿಗೆ ಇದರಿಂದ ನಿರಾಸೆಯಾದಂತೆ ಕಾಣಲಿಲ್ಲ, ಗುಜರಿಯ ಬೆಲೆಗಿಂತ ಹೆಚ್ಚೇ ಬಂದಿತ್ತಲ್ಲ.

ಆಗ ಮೊಮ್ಮಗ ಪೆಟ್ಟಿಗೆಯ ಒಳಖಾನೆಯಿಂದ ಇನ್ನೊಂದನ್ನು ತೆಗೆದ. 1947ರ ಹುಲಿ ರೂಪಾಯಿ. ನನ್ನ ಎದೆ ಒಂದು ಕ್ಷಣ ಹಾರಿತು. ಅವನು ಆಗಲೇ ಅಯಸ್ಕಾಂತ ಒಡ್ಡಿದ್ದ. ಬಿಲ್ಲೆ ಅಲುಗಲಿಲ್ಲ. ತಿರುಗಿಸಿ ಹಿಡಿದ, ಆಗಲೂ ಇಲ್ಲ. ನಾನು ಕೈಗೆ ತೆಗೆದುಕೊಂಡು ನೋಡಿದೆ. ಹುಲಿಯ ಪಟ್ಟೆಗಳು ಕಲಸಿಹೋಗಿದ್ದವು, ಮೈತುಂಬ ಗುಂಡುಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು. ಅಚ್ಚಿನಲ್ಲಿ ಒತ್ತಿದ್ದಲ್ಲ, ಎರಕ ಹೊಯ್ದದ್ದು. ಕಲ್ಲಿನ ಮೇಲೆ ಬೀಳಿಸಿದಾಗ ಠಣ್ಣೆನ್ನದೆ ಡಬ್ಬೆಂದಿತು.

"ಅದು ಸಲ್ಲದ ದುಡ್ಡು" ಎಂದರು ಮಾವ. "ಯಾರೋ ನಮ್ಮಪ್ಪನಿಗೆ ಟೋಪಿ ಹಾಕಿ ಹೋಗಿದ್ದರು. ಇನ್ನೊಬ್ಬರಿಗೆ ದಾಟಿಸಿಬಿಡಿ ಎಂದು ಅಮ್ಮ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಒಳಖಾನೆಗೆ ಹಾಕಿಬಿಟ್ಟರು."

ಅಂದಿನ ಕಾಲದಲ್ಲೇ ಓಡಾಡಿದ ಇಂಥ ಖೋಟಾ ನಾಣ್ಯಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರೂ ಇದ್ದಾರೆ, ನಾನೂ ಅವರಲ್ಲೊಬ್ಬ. ನಿಜವಾದ 68 ರೂಪಾಯಿ 50 ಪೈಸೆಯನ್ನು ಬಿಟ್ಟು ಇದೊಂದನ್ನು ಕೊಡಿ ಎಂದು ಕೇಳಿದೆ. ಮಾವ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಒಳಖಾನೆಗೆ ಹಾಕಿ ಮುಚ್ಚಿದರು. "ಬೇಕಾದರೆ ಮಿಕ್ಕದ್ದೆಲ್ಲ ತೆಗೆದುಕೊಂಡು ಹೋಗು" ಎಂದರು.